ಅರ್ಧ ಜೋಡಿ

ಒಂದು ಹೊಸ್ತಿಲು. ಸಿಮೆಂಟಿನದು. ನಡುವೆ ಸವೆದು ತಗ್ಗಾಗಿದೆ. ಹೊಸ್ತಿಲಿನ ಹೊರಗೆ ಒಂದು ಜೋಡಿ ಗಮ್‌ಬೂಟುಗಳು ನಿಂತಿವೆ. ಒಂದು ಕಾಲಕ್ಕೆ ಕಪ್ಪಗಿದ್ದವು. ಈಗ ಅಡಿಯಿಂದ ಗೇಣುದ್ದ ಹಳದಿಗಟ್ಟಿವೆ. ಎಡದ ಬೂಟಿನ ಹಿಮ್ಮಡಿಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಅಂಟಿಸಿದ್ದಾರೆ. ತುಂಡಿನ ಒಂದು ಅಂಚು ಎದ್ದಿದೆ. ಬಲದ ಬೂಟಿನ ಬಿರುಕಿನಿಂದ ನೀರು ಇಳಿದು, ನೆಲದ ಮೇಲೆ ಗೆರೆಯಾಗಿ ಹರಿದು, ಗಟಾರದ ಕಡೆ ತಿರುಗಿದೆ. ಹೊಸ್ತಿಲಿನ ಒಳಗೆ ಮಬ್ಬು. ಮಬ್ಬಿನಲ್ಲಿ ಒಂದು ಹಲಗೆ. ಹಲಗೆಯ ಮೇಲೆ ಒಂದು ಕಾಲು. ಕಾಲಿನ ಮನುಷ್ಯ ಕಾಣುವುದಿಲ್ಲ. ಮೊಣಕಾಲಿನಿಂದ ಮೇಲೆ ಅವನನ್ನು ಕತ್ತಲೆ ನುಂಗಿದೆ. ಪಾದದ ಮೇಲೆ ಮೂರು ದುಂಡಗಿನ ತೂತುಗಳು. ಮೊಳೆ ಬಡಿದು ಕಿತ್ತ ಹಾಗೆ, ಅಂಚು ಕಟ್ಟಿದ ತೂತುಗಳು. ಹೆಬ್ಬೆರಳಿಗೆ ಉಗುರಿಲ್ಲ. ಅದರ ಪಕ್ಕದ ಎರಡು ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿವೆ. ಒಂದು ಬೆರಳಿನ ಮೇಲೆ ನೊಣ ಕುಳಿತಿದೆ. ಕಾಲು ಅದನ್ನು ಓಡಿಸುತ್ತಿಲ್ಲ. ಕಾಲಿಗೆ ಅದು ಗೊತ್ತಾಗಿಲ್ಲ.

ಈ ಚಿತ್ರ ತೆಗೆದವನು ನಾನು. ಗುರುವಾರ, ಬೆಳಗಿನ ಹತ್ತು ಗಂಟೆ, ಭೋಸರಿ. ಗುರುವಾರ ಅಲ್ಲಿನ ಕಾರ್ಖಾನೆಗಳಿಗೆ ರಜೆ. ಗಂಡಸರು ಮನೆಯಲ್ಲಿ ಸಿಗುತ್ತಾರೆಂದು ಆ ದಿನವನ್ನೇ ಆರಿಸಿದ್ದರು.

ಆರಿಸಿದವರು ಖರಾಡಿಯ ಒಂದು ಅಧ್ಯಯನ ಸಂಸ್ಥೆಯವರು. ಪುಣೆ ಜಿಲ್ಲೆಯ ಯಾವ ಭಾಗದ ಮನೆಗಳು ಪಾದರಕ್ಷೆಗೆ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತವೆ ಎಂಬುದನ್ನು ಅವರು ಅಳೆಯುತ್ತಿದ್ದರು. ಬಾರಾಮತಿಯ ಕಬ್ಬಿನ ಊರುಗಳು, ಖರಾಡಿಯ ಎತ್ತರದ ಮನೆಗಳು, ಭೋಸರಿಯ ತಗಡಿನ ಸಾಲುಗಳು. ಸಂಸ್ಥೆಯ ನಿರ್ದೇಶಕ ಮಧ್ವೇಶ ಧಾರವಾಡದ ಕಡೆಯ ಮನೆತನದವನು. ಪುಣೆಯಲ್ಲೇ ಹುಟ್ಟಿದವನು, ನಾನು ಕಲಿಸುತ್ತಿದ್ದ ಕನ್ನಡ ಶಾಲೆಯಲ್ಲಿ ನಾಲ್ಕು ವರ್ಷ ಓದಿದವನು. ಅವನ ಸಿದ್ಧಾಂತ ಸರಳವಾಗಿತ್ತು. ಹೊಟ್ಟೆಗೆ ಮನುಷ್ಯ ಸಾಲ ಮಾಡಿಯಾದರೂ ಹಾಕುತ್ತಾನೆ. ಕಾಲಿಗೆ ಹಾಕಬೇಕಾದರೆ ಕೈಯಲ್ಲಿ ಮಿಗಬೇಕು. ಚಪ್ಪಲಿಯ ಖರ್ಚು ಏರಿದ ಕಡೆ ಮನೆ ಏಳುತ್ತಿದೆ. ನನಗೆ ಆ ಮಾತು ಹಿಡಿಸಿತ್ತು. ಒಳ್ಳೆಯ ಪದ್ಯದ ಸಾಲಿನ ಬಿಗಿ ಅದಕ್ಕಿತ್ತು.

ಭೋಸರಿಯ ಆ ಸಾಲಿನಲ್ಲಿ ನಲವತ್ತು ಮನೆಗಳು. ಇಂಡಿ, ಸಿಂದಗಿಯ ಕಡೆಯಿಂದ ಬಂದ ಹೊಲಗೇರಿಯ ಜನ. ಗಂಡಸರಿಗೆ ಕಾರ್ಖಾನೆಯ ಮರಾಠಿ ಬರುತ್ತದೆ. ಹೆಂಗಸರು ಮನೆಯ ಮಾತನ್ನು ಕನ್ನಡದಲ್ಲೇ ಆಡುತ್ತಾರೆ. ಅದಕ್ಕಾಗಿ ನನ್ನನ್ನು ಕರೆದರು. ನಿವೃತ್ತ ಮಾಸ್ತರ, ದಿನಗೂಲಿ, ಹೋಗಿಬರುವ ಬಾಡಿಗೆ ಬೇರೆ. ನಾನು ಕೇಳಬೇಕು; ಶರ್ವರಿ ಎಂಬ ಮರಾಠಿ ಹುಡುಗಿ ಕೈಯಲ್ಲಿನ ಯಂತ್ರದಲ್ಲಿ ಬರೆದುಕೊಳ್ಳಬೇಕು.

ಮೊದಲನೆಯದು ಕಾಶವ್ವನ ಮನೆ. ಹಲಗೆಯ ಮೇಲಿದ್ದ ಕಾಲು ಅವಳ ಗಂಡ ಕಾಂತಪ್ಪನದು.

ಆ ನಲವತ್ತು ಮನೆಗಳ ಗಂಡಸರೆಲ್ಲ ಒಂದೇ ಶೆಡ್ಡಿನಲ್ಲಿ ದುಡಿಯುತ್ತಾರೆ. ಕಬ್ಬಿಣದ ಹಿಡಿಕೆ, ನಲ್ಲಿ, ಗಾಡಿಯ ಬಿಡಿಭಾಗಗಳಿಗೆ ಬೆಳ್ಳಿಯಂಥ ಹೊಳಪು ಏರಿಸುವ ಕೆಲಸ. ಮೊದಲು ಆಸಿಡ್ಡಿನ ತೊಟ್ಟಿ, ಆಮೇಲೆ ಕ್ರೋಮಿನ ತೊಟ್ಟಿ. ಒಂದರಲ್ಲಿ ಅದ್ದಿ, ಎತ್ತಿ, ಹೊತ್ತು, ಇನ್ನೊಂದರಲ್ಲಿ ಅದ್ದಬೇಕು. ಎತ್ತಿದಾಗಲೆಲ್ಲ ಸುರಿಯುತ್ತದೆ. ಸುರಿದದ್ದು ನೆಲದಲ್ಲಿ ನಿಲ್ಲುತ್ತದೆ. ಎಂಟು ತಾಸು ಅದರಲ್ಲೇ ನಡೆಯಬೇಕು. ಬೂಟಿಲ್ಲದವನನ್ನು ಗೇಟಿನೊಳಗೆ ಬಿಡುವುದಿಲ್ಲ. ಬೂಟನ್ನು ಗುತ್ತಿಗೆದಾರ ಅಪ್ಪಾಸಾಹೇಬನ ಅಂಗಡಿಯಲ್ಲೇ ಕೊಳ್ಳಬೇಕು. ಹೊರಗೆ ಕೊಂಡ ಬೂಟು ನಡೆಯುವುದಿಲ್ಲ. ಕೊಂಡ ಬೂಟು ಐವತ್ತು ದಿನ ಬಾಳುತ್ತದೆ. ಆಮೇಲೆ ತಳ ಮೆತ್ತಗಾಗುತ್ತದೆ, ಬಿರಿಯುತ್ತದೆ, ಒಳಗೆ ನೀರು ಬರುತ್ತದೆ. ಬಂದ ನೀರು ಕಾಲನ್ನು ಕೊರೆಯುತ್ತದೆ. ಕೊರೆದ ತೂತು ನೋಯುವುದಿಲ್ಲ. ಅದೇ ಅದರ ಮೋಸ. ಮೂಳೆ ಕಂಡಾಗ ಮನುಷ್ಯನಿಗೆ ತಿಳಿಯುತ್ತದೆ.

ಒಬ್ಬನಿಗೆ ಒಂದು ಜೋಡಿ ಕೊಳ್ಳುವ ತಾಕತ್ತು ಆ ಸಾಲಿನಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಇಬ್ಬರಿಗೆ ಒಂದು ಜೋಡಿ. ಒಬ್ಬ ಹಗಲು ಪಾಳಿ, ಒಬ್ಬ ರಾತ್ರಿ ಪಾಳಿ. ಗೇಟಿನ ಪಕ್ಕದ ನಲ್ಲಿಯ ಹತ್ತಿರ ಒಬ್ಬ ಬೂಟು ಬಿಚ್ಚುತ್ತಾನೆ, ಇನ್ನೊಬ್ಬ ಅದರಲ್ಲೇ ಕಾಲು ಇಳಿಸುತ್ತಾನೆ. ಬೂಟು ಬೆಚ್ಚಗೇ ಇರುತ್ತದೆ. ಒಬ್ಬನ ಬೆವರಿನ ಮೇಲೆ ಇನ್ನೊಬ್ಬನ ಬೆವರು. ಇಂಥ ಇಬ್ಬರನ್ನು ಆ ಸಾಲಿನಲ್ಲಿ ಜೋಡಿದಾರರು ಎನ್ನುತ್ತಾರೆ. ಕಾಂತಪ್ಪನ ಜೋಡಿದಾರ ಎದುರು ಮನೆಯ ಅಂಬಾದಾಸ. ಗುರುವಾರ ಬೂಟು ಮನೆಗೆ ಬರುತ್ತದೆ. ಒಂದು ಗುರುವಾರ ಈ ಮನೆಗೆ, ಮುಂದಿನ ಗುರುವಾರ ಆ ಮನೆಗೆ. ಆ ದಿನ ಅದನ್ನು ಸೋಡಾದಲ್ಲಿ ತೊಳೆದು, ಬಿರುಕಿಗೆ ತೇಪೆ ಹಾಕಬೇಕು.

ವರ್ಷಕ್ಕೆ ಎಷ್ಟು ಜೋಡಿ ಎಂದು ನಾನು ಕೇಳಿದೆ. ಕಾಶವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಅವಳು ಬೆಳಗಿನಿಂದ ಸಂಜೆಯವರೆಗೆ ಲೇಥಿನ ಕಬ್ಬಿಣದ ಸಿಪ್ಪೆಯನ್ನು ಬರಿಗೈಯಲ್ಲಿ ಆರಿಸುವವಳು. ಬೆರಳುಗಳ ತುಂಬ ಸಣ್ಣ ಕೊಯ್ತಗಳು, ಕೊಯ್ತಗಳಲ್ಲಿ ಕರಿ ಎಣ್ಣೆ.

“ಏಳು ಬರ್ತಾವ್ರಿ. ಆದ್ರ ಅರ್ಧಾ ನಮ್ದು, ಅರ್ಧಾ ಅಂಬಾದಾಸಂದು,” ಎಂದಳು.

ಶರ್ವರಿ ಯಂತ್ರವನ್ನು ಒತ್ತಿದಳು. ಯಂತ್ರ ಅರ್ಧ ಜೋಡಿಯನ್ನು ತೆಗೆದುಕೊಳ್ಳಲಿಲ್ಲ. ಅದಕ್ಕೆ ಪೂರ್ಣ ಸಂಖ್ಯೆ ಬೇಕು. ಬೆಲೆಯನ್ನು ಅದೇ ತನ್ನ ಪಟ್ಟಿಯಿಂದ ತುಂಬಿಕೊಳ್ಳುತ್ತದೆ. ಬಿಸಿಲು ಏರುತ್ತಿತ್ತು. ಇನ್ನೂ ಮೂವತ್ತೊಂಬತ್ತು ಮನೆಗಳಿದ್ದವು. ಅರ್ಧ ಎನ್ನುವುದನ್ನು ಬಿಡು, ಏಳು ಎಂದು ಹೇಳಿಬಿಡು ತಾಯಿ ಎಂದು ನಾನು ಕಾಶವ್ವನಿಗೆ ಹೇಳಿದೆ. ಅವಳು ನನ್ನ ಮುಖ ನೋಡಿದಳು. ಮಾಸ್ತರ ಹೇಳುತ್ತಿದ್ದಾನೆ, ಸರಿಯೇ ಇರಬೇಕು ಎಂದುಕೊಂಡಳು. ಪದ ಪದವನ್ನೂ ತೂಗಿ ಬರೆಯಬೇಕೆಂದು ನಲವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ಆ ಏಳನ್ನು ತೂಗಲಿಲ್ಲ.

ಮುಂದೆ ನಡೆದದ್ದು ಇನ್ನೂ ಹೊಲಸು. ಪ್ರತಿ ಮನೆಯಲ್ಲೂ ಪಾದರಕ್ಷೆಯ ಚಿತ್ರ ತೆಗೆಯದೆ ಯಂತ್ರ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಅಂಬಾದಾಸನ ಮನೆಯ ಮುಂದೆ ಆ ಗುರುವಾರ ಬೂಟಿರಲಿಲ್ಲ. ಅವನ ಬೂಟು ಕಾಶವ್ವನ ಹೊಸ್ತಿಲಲ್ಲಿತ್ತು. ಅದನ್ನೇ ಇಲ್ಲಿ ತಂದಿಡಿ ಎಂದು ಶರ್ವರಿ ಹೇಳಿದಳು. ನಾನು ಓಣಿ ದಾಟಿ ಹೋದೆ. ಬೂಟುಗಳನ್ನು ಎತ್ತಿಕೊಂಡೆ. ನನ್ನ ಎರಡು ಬೆರಳು ಒಳಗಿಳಿದವು. ಒಳಗೆ ಲೋಳೆಯಂಥದ್ದೇನೋ ಇತ್ತು. ತಂದು ಅಂಬಾದಾಸನ ಬಾಗಿಲಲ್ಲಿಟ್ಟೆ. ಅವನ ಮನೆಗೂ ಏಳು ಬರೆದೆವು. ಹೀಗೆ ಇಪ್ಪತ್ತು ಜೋಡಿ ಬೂಟುಗಳನ್ನು ನಲವತ್ತು ಹೊಸ್ತಿಲುಗಳಲ್ಲಿ ಇಟ್ಟು ತೆಗೆದೆವು.

ನಲ್ಲಿಯ ಹತ್ತಿರ ನಿಂತಿದ್ದ ಮುದುಕಿಯೊಬ್ಬಳು ಉಳಿದವರಿಗೆ ಹೇಳಿದಳು: “ನೋಡ್ರೇ, ಮಾಸ್ತರ್ರು ನಮ್ಮ ಕಸಬು ಹಿಡದಾರ. ನಾಳಿಂದ ತೊಟ್ಟಿಗೂ ಇಳೀತಾರ.”

ಹೆಂಗಸರು ನಕ್ಕರು. ನಾನೂ ನಕ್ಕೆ. ಕೈ ತೊಳೆಯಬೇಕೆಂದೆ. ಕಾಶವ್ವ ತಂಬಿಗೆಯಲ್ಲಿ ನೀರು ತಂದಳು. ನನ್ನ ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಯಾರೂ ಹೇಳದೆ ಸರಿದಳು. ನಾನು ಬಗ್ಗಿ ತಂಬಿಗೆ ಎತ್ತಿಕೊಂಡೆ. ಹಾಗೆ ಮಾಡಬೇಡ ಎಂದು ಹೇಳುವ ಮಾತು ಬಾಯಿಗೆ ಬಂದಿತ್ತು. ಅದನ್ನು ಮುಕ್ಕಳಿಸಿ ಉಗುಳಿದೆ.

ಎರಡು ತಿಂಗಳಿಗೆ ವರದಿ ಬಂತು. ಭೋಸರಿಯ ತಗಡಿನ ಸಾಲು ಖರಾಡಿಯ ಎತ್ತರದ ಮನೆಗಳನ್ನು ಹಿಂದೆ ಹಾಕಿತ್ತು. ಆದಾಯದಲ್ಲಿ ಚಪ್ಪಲಿಗೆ ಮೀಸಲಾದ ಪಾಲು ಜಿಲ್ಲೆಯಲ್ಲೇ ಅಲ್ಲಿ ಎಲ್ಲಕ್ಕಿಂತ ಹೆಚ್ಚು. ವರದಿಯಲ್ಲಿ ಅವರಿಗೊಂದು ಹೆಸರನ್ನೂ ಕೊಟ್ಟಿದ್ದರು: ಏಳುತ್ತಿರುವ ಜನ. ಹೊದಿಕೆಯ ಮೇಲೆ ನನ್ನ ಚಿತ್ರ. ಸಿಮೆಂಟಿನ ಹೊಸ್ತಿಲು, ಅದರ ಹೊರಗೆ ಬೂಟುಗಳು. ಹಳದಿಯನ್ನು ತಿದ್ದಿ ಕಪ್ಪು ಮಾಡಿದ್ದರು. ಚಿತ್ರವನ್ನು ಹೊಸ್ತಿಲಿಗೆ ಸರಿಯಾಗಿ ಕತ್ತರಿಸಿದ್ದರು. ಒಳಗಿನ ಮಬ್ಬು ಇರಲಿಲ್ಲ. ಹಲಗೆ ಇರಲಿಲ್ಲ. ವೈದ್ಯರು ಕೈ ಹಚ್ಚುವ ಮೊದಲೇ ಕಾಂತಪ್ಪನ ಕಾಲನ್ನು ಒಬ್ಬರು ಕತ್ತರಿಸಿ ಆಗಿತ್ತು.

ನಗರದಲ್ಲಿ ಒಂದು ಧರ್ಮಾರ್ಥ ಟ್ರಸ್ಟು ಇದೆ. ಅತಿ ಬಡ ಬಸ್ತಿಗಳ ಮನೆಗಳಿಗೆ ಅದು ಹಳದಿ ಕಾರ್ಡು ಕೊಡುತ್ತದೆ. ಕಾರ್ಡಿದ್ದವರಿಗೆ ಅದರ ಆಸ್ಪತ್ರೆಯಲ್ಲಿ ಹಾಸಿಗೆ, ಔಷಧ, ಶಸ್ತ್ರಚಿಕಿತ್ಸೆ ಎಲ್ಲ ಉಚಿತ. ಅತಿ ಬಡ ಬಸ್ತಿ ಯಾವುದು ಎಂಬುದನ್ನು ಟ್ರಸ್ಟು ಮಧ್ವೇಶನ ಸಂಸ್ಥೆಯ ವರದಿ ನೋಡಿ ತೀರ್ಮಾನಿಸುತ್ತದೆ. ಏಳುತ್ತಿರುವ ಜನಕ್ಕೆ ಹಳದಿ ಕಾರ್ಡು ಬೇಡ. ನಲವತ್ತೂ ಕಾರ್ಡುಗಳು ಒಂದೇ ದಿನ ರದ್ದಾದವು. ಆ ದಿನ ಕಾಂತಪ್ಪ ವಾರ್ಡಿನಲ್ಲಿದ್ದ. ಕೊಳೆತ ಮಾಂಸ ತೆಗೆದು, ರಕ್ತನಾಳ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಅವನನ್ನು ಬ್ಯಾಂಡೇಜಿನೊಂದಿಗೆ ಮನೆಗೆ ಕಳಿಸಿದರು. ಹತ್ತು ದಿನದೊಳಗೆ ಚಿಕಿತ್ಸೆ ಆಗದಿದ್ದರೆ ಮೊಣಕಾಲಿನ ಕೆಳಗೆ ಕಡಿಯಬೇಕಾಗುತ್ತದೆ ಎಂದು ವೈದ್ಯರು ಹೇಳಿ ಕಳಿಸಿದ್ದರು.

ಆರನೆಯ ದಿನ ಕಾಶವ್ವ ನನ್ನನ್ನು ಹುಡುಕಿಕೊಂಡು ಬಂದಳು. ನಾನು ಸಂಜೆ ಹೋಗಿ ಕೂರುವ ವಾಚನಾಲಯದ ಮೆಟ್ಟಿಲಿನ ಕೆಳಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಒಳಗೆ ಬಂದು ಕೇಳಬಹುದಿತ್ತಲ್ಲ ಎಂದೆ. ಅವಳು ಮೆಟ್ಟಿಲಿನಿಂದ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದಳು. ಕಾರ್ಡಿನ ಕಥೆ ಹೇಳಿದಳು. ಅಳಲಿಲ್ಲ. ಬೈಯಲಿಲ್ಲ.

“ನಾ ಅರ್ಧಾ ಅಂದಿದ್ನೆಲ್ರಿ, ಸರ,” ಎಂದಳು. ಅಷ್ಟೇ.

ನಾನು ಮಧ್ವೇಶನಿಗೆ ಫೋನು ಮಾಡಿದೆ. ತಪ್ಪಾಗಿದೆ ಎಂದು ವಿವರಿಸಿದೆ. ಅವನು ಸಮಾಧಾನದಿಂದ ಕೇಳಿಸಿಕೊಂಡ. ಆ ಹೆಂಗಸನ್ನು ನಾವೇ ಹುಡುಕುತ್ತಿದ್ದೆವು, ಶನಿವಾರ ಕರೆದುಕೊಂಡು ಬನ್ನಿ, ಏನಾದರೂ ಮಾಡೋಣ ಎಂದ. ನಾನು ಹಿಗ್ಗಿದೆ. ಕಾಶವ್ವನಿಗೆ ಧೈರ್ಯ ಹೇಳಿದೆ. ಹುಡುಗ ಒಳ್ಳೆಯವನು, ನನ್ನ ಕೈಯಲ್ಲಿ ಕಲಿತವನು ಎಂದೆ.

ಶನಿವಾರ ಬೆಳಿಗ್ಗೆ ನಾನು ಒಂದು ತಾಸು ಮೊದಲೇ ಖರಾಡಿಗೆ ಹೋದೆ. ಶರ್ವರಿ ಒಂದು ಕಾಗದದ ಕಟ್ಟು ನನ್ನ ಮುಂದಿಟ್ಟಳು. ನಲವತ್ತು ಹಾಳೆಗಳು. ನಡುವಿನ ಭಾಗ ಖಾಲಿ ಇತ್ತು, ಕೆಳಗೆ ಸಾಕ್ಷಿಯ ಜಾಗ. ಸಮೀಕ್ಷೆಯ ದಿನ ಹಾಜರಿದ್ದದ್ದಕ್ಕೆ ಎಂದು ಅವಳು ಹೇಳಿದಳು. ಚಹಾ ತಣ್ಣಗಾಗುವ ಮೊದಲು ನಲವತ್ತಕ್ಕೂ ಸಹಿ ಹಾಕಿ ಮುಗಿಸಿದೆ. ನನ್ನ ಸಹಿ ಸುಂದರವಾಗಿದೆ. ನೀಲಿ ಶಾಯಿಯಲ್ಲಿ ಇನ್ನೂ ಸುಂದರ.

ಕಾಶವ್ವ ಎರಡು ಬಸ್ಸು ಬದಲಿಸಿ ಬಂದಳು. ಕಾವಲುಗಾರ ಅವಳನ್ನು ದೊಡ್ಡ ಲಿಫ್ಟಿಗೆ ಬಿಡಲಿಲ್ಲ; ಸಾಮಾನು ಒಯ್ಯುವ ಲಿಫ್ಟು ತೋರಿಸಿದ. ನಾನೂ ಅದರಲ್ಲೇ ಹೋದೆ. ಬರುವಾಗ ಕಾಂತಪ್ಪ ಹೇಳಿದ ಮಾತನ್ನು ಅವಳು ಲಿಫ್ಟಿನಲ್ಲಿ ನನಗೆ ಹೇಳಿದಳು. ಅವರು ಏನು ಕೇಳ್ತಾರ ಕೊಟ್ಟು ಬಾ, ಕಾಲು ನಂದು ಎಂದಿದ್ದನಂತೆ. ಅಂಬಾದಾಸ ಹನ್ನೆರಡು ದಿನದಿಂದ ಎರಡೂ ಪಾಳಿ ಮಾಡುತ್ತಿದ್ದಾನೆಂದೂ ಹೇಳಿದಳು. ಕಾಂತಪ್ಪನ ಗೇಟ್ ಪಾಸು ರದ್ದಾಗಬಾರದೆಂದು ಅವನ ಪಾಳಿಯಲ್ಲೂ ತಾನೇ ನಿಲ್ಲುತ್ತಿದ್ದಾನೆ. ಹದಿನಾರು ತಾಸು ಬೂಟು ಬಿಚ್ಚುತ್ತಿಲ್ಲ. ಅವನ ಕಾಲಿನಲ್ಲೂ ಒಂದು ತೂತು ಬಿದ್ದಿದೆ.

ಮಧ್ವೇಶನ ಕೋಣೆಯ ಗಾಜಿನ ಬಾಗಿಲಿನ ಹೊರಗೆ ಶರ್ವರಿ ಅವಳ ಚಪ್ಪಲಿಯನ್ನು ನೋಡಿದಳು. ಒಳಗೆ ಹಾಸಿದ ಜಮಖಾನೆ ಹೊಸದೆಂದಳು. ಕಾಶವ್ವ ಚಪ್ಪಲಿ ಬಿಟ್ಟಳು. ಶರ್ವರಿ ಬಿಳಿ ಬೂಟಿನಲ್ಲೇ ಒಳಗೆ ಹೋದಳು. ನಾನು ಕೂಡ ಚಪ್ಪಲಿಯಲ್ಲೇ ಹೋದೆ. ನನಗೆ ಯಾರೂ ಏನೂ ಹೇಳಲಿಲ್ಲ.

ಮಧ್ವೇಶ ಎದ್ದು ನಿಂತು ಕೈ ಮುಗಿದ. ಕಾಶೀಬಾಯಿ ಎಂದು ಮರಾಠಿಯಲ್ಲಿ ಕರೆದ. ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. ಮೇಜಿನ ಮೇಲೆ ವರದಿಯ ಪ್ರತಿಗಳ ರಾಶಿ ಇತ್ತು. ಅವಳು ಹೊದಿಕೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಇದು ನಮ್ಮ ಹೊಸ್ತಲ ಅದ,” ಎಂದಳು. “ಇವರ ಕಾಲ ಎಲ್ಲಿ ಹೋತ್ರಿ?”

ಚಿತ್ರ ಚಂದ ಕಾಣಬೇಕಲ್ಲ ಎಂದು ಮಧ್ವೇಶ ನನ್ನ ಕಡೆ ತಿರುಗಿ ಮುಗುಳ್ನಕ್ಕ. ಆಮೇಲೆ ಮರಾಠಿಯಲ್ಲೇ ವಿಷಯಕ್ಕೆ ಬಂದ; ನಾನು ಕಾಶವ್ವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಟ್ರಸ್ಟಿನವರಿಗೆ ಅಂಕಿಗಳ ಬಗ್ಗೆ ಸಂಶಯ ಬಂದಿದೆ. ಇಷ್ಟು ಬಡ ಸಾಲಿನಲ್ಲಿ ಮನೆಗೆ ಏಳು ಜೋಡಿ ಹೇಗೆ ಎಂದು ಕೇಳುತ್ತಿದ್ದಾರೆ. ಆದ್ದರಿಂದ ಪ್ರತಿ ಮನೆಯಿಂದಲೂ ಒಂದು ಹೇಳಿಕೆ ಬೇಕು. ಹೊದಿಕೆಯ ಮನೆಯಿಂದ ಮೊದಲು. ಅವನು ಒಂದು ಹಾಳೆ ಮುಂದೆ ತಳ್ಳಿ ಓದಿ ಹೇಳಲು ನನಗೆ ಸೂಚಿಸಿದ. ಬೆಳಿಗ್ಗೆ ಖಾಲಿ ಇದ್ದ ಜಾಗದಲ್ಲಿ ಈಗ ಅಚ್ಚಾದ ಸಾಲುಗಳಿದ್ದವು. ನಾನು ಓದಿದೆ. ನಮ್ಮ ಮನೆಯವರು ವರ್ಷಕ್ಕೆ ಏಳು ಜೋಡಿ ಪಾದರಕ್ಷೆಗಳನ್ನು ಸ್ವಂತ ಇಚ್ಛೆಯಿಂದ, ಸ್ವಂತ ಬಳಕೆಗಾಗಿ, ಯಾರೊಂದಿಗೂ ಹಂಚಿಕೊಳ್ಳದೆ ಕೊಂಡಿರುತ್ತೇವೆ.

ಹೆಬ್ಬೆಟ್ಟು ಒತ್ತಿದರೆ ಮಧ್ವೇಶ ಆಸ್ಪತ್ರೆಗೆ ತನ್ನ ಹೆಸರಿನಲ್ಲಿ ಪತ್ರ ಕೊಡುತ್ತಾನೆ. ಸೋಮವಾರ ಹಾಸಿಗೆ ಸಿಗುತ್ತದೆ. ಪತ್ರ ಸಿದ್ಧವೇ ಇತ್ತು. ಅದನ್ನೂ ಹಾಳೆಯ ಪಕ್ಕದಲ್ಲಿಟ್ಟ. ಒಂದರ ಅಂಚಿಗೆ ಇನ್ನೊಂದನ್ನು ಸರಿಯಾಗಿ ಹೊಂದಿಸಿಟ್ಟ.

ಯಂತ್ರ ಅರ್ಧವನ್ನು ಒಪ್ಪಲಿಲ್ಲ, ಅದಕ್ಕೇ ಹೀಗಾಯಿತು ಎಂದು ನಾನು ಮತ್ತೆ ಹೇಳಿದೆ. ಮಧ್ವೇಶ ಈಗ ಕನ್ನಡಕ್ಕೆ ತಿರುಗಿದ.

“ಕಾಕಾ, ಅರ್ಧಾ ಜೋಡಿ ಯಾವ ಅಂಗಡ್ಯಾಗ ಮಾರ್ತಾರ್ರಿ? ಎಡಗಾಲಿಂದು ಒಬ್ಬಂವಗ, ಬಲಗಾಲಿಂದು ಒಬ್ಬಂವಗ?”

ಶರ್ವರಿಗೆ ಅವನು ಅದನ್ನೇ ಮರಾಠಿಯಲ್ಲಿ ಹೇಳಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಾಶವ್ವ ಇಬ್ಬರನ್ನೂ ನೋಡಿದಳು. ಅವನಿಗೆ ಕನ್ನಡ ಬರುತ್ತದೆಂದು ಅವಳಿಗೆ ಆಗಲೇ ತಿಳಿದದ್ದು. ಆಮೇಲೆ ಮಾತು ದಾಟಿಸಲು ಅವಳು ನನ್ನ ಕಡೆ ತಿರುಗಲಿಲ್ಲ. ನೇರ ಅವನನ್ನೇ ಕೇಳಿದಳು.

“ಅಂಬಾದಾಸನ ಮನಿ ಕಾರ್ಡು?”

“ಅದು ಬ್ಯಾರೆ ಮನಿ, ಕಾಶೀಬಾಯಿ. ನಿಮ್ಮ ಮನಿದು ಮಾತಾಡ್ರಿ.”

“ಬೂಟ ಒಂದ ಅದ್ರಿ. ನಾ ಇದಕ್ಕ ಹೆಬ್ಬೆಟ್ಟ ಒತ್ತಿದ್ರ ಅಂವನ ಕಾರ್ಡು ಯಾವತ್ತೂ ತಿರುಗಿ ಬರಂಗಿಲ್ಲ. ಹೌದಿಲ್ರಿ?”

ಮಧ್ವೇಶ ಉತ್ತರ ಹುಡುಕಲಿಲ್ಲ. ಒಂದು ಮನೆಯ ಅಂಕಿ ಬದಲಾದರೆ ಇಡೀ ಕೋಷ್ಟಕ ಬೀಳುತ್ತದೆ ಎಂದ. ವರದಿ ಈಗಾಗಲೇ ಮೂರು ಸರ್ಕಾರಿ ಕಚೇರಿಗಳಿಗೆ ಹೋಗಿದೆ ಎಂದ. ಅವಳ ಮೇಲಿನ ಕರುಣೆಯಿಂದ ಈ ಪತ್ರ ಕೊಡುತ್ತಿದ್ದೇನೆ, ಬೇರೆ ಯಾರಿಗೂ ಕೊಡುವುದಿಲ್ಲ ಎಂದ. ಗಂಡನ ಕಾಲು ದೊಡ್ಡದೋ, ನೆರೆಯವನ ಕಾರ್ಡು ದೊಡ್ಡದೋ, ವಿಚಾರ ಮಾಡಿ ಎಂದ. ಅವನ ದನಿ ಒಮ್ಮೆಯೂ ಏರಲಿಲ್ಲ. ಶಾಲೆಯಲ್ಲೂ ಅವನು ಗದ್ದಲ ಮಾಡುವ ಹುಡುಗನಾಗಿರಲಿಲ್ಲ.

ಶರ್ವರಿ ಶಾಯಿಯ ಡಬ್ಬಿಯ ಮುಚ್ಚಳ ತೆರೆದು ಮೇಜಿನ ಅಂಚಿಗೆ ತಂದಳು. ಕಾಶವ್ವನ ಬಲಗೈ ಹಿಡಿದು ಹೆಬ್ಬೆರಳನ್ನು ಶಾಯಿಯ ಮೇಲೆ ಒತ್ತಿದಳು. ಕಾಶವ್ವ ತಡೆಯಲಿಲ್ಲ. ಶಾಯಿ ಕೊಯ್ತಗಳೊಳಗೆ ಇಳಿಯಿತು. ಉರಿದಿರಬೇಕು. ಶರ್ವರಿ ಆ ಕೈಯನ್ನು ಹಾಳೆಯ ಮೇಲೆ ತಂದಳು. ಹಾಳೆಗೂ ಬೆರಳಿಗೂ ನಡುವೆ ಒಂದು ಕಾಳಿನಷ್ಟು ಜಾಗ ಉಳಿದಿತ್ತು. ಅಲ್ಲಿ ಕೈ ನಿಂತಿತು. ಶರ್ವರಿ ಒತ್ತಿದಳು. ಕೈ ಇಳಿಯಲಿಲ್ಲ. ಕಬ್ಬಿಣ ಎತ್ತುವ ಕೈ ಅದು. ಕಾಶವ್ವ ಬೆರಳನ್ನು ಹಿಂದಕ್ಕೆಳೆದುಕೊಂಡು ಸೆರಗಿಗೆ ಒರೆಸಿದಳು. ಒಂದು ಸಲ, ಮತ್ತೊಂದು ಸಲ, ಕೊಯ್ತದಿಂದ ರಕ್ತ ಬರುವ ತನಕ.

“ಕಡೀಲಿ ಬಿಡ್ರಿ ಕಾಲ,” ಎಂದಳು. “ಒಂಟಿಗಾಲಿನ ಮನಿಗೆ ಮುಂದಿನ ವರ್ಷ ಬರ್ರಿ. ಆವಾಗಾದ್ರೂ ನಿಮ್ಮ ಮಿಷನ್ನು ಅರ್ಧಾ ತಗೋತದೇನು ನೋಡೂಣಂತ.”

ಮಧ್ವೇಶ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡ. ನಾಲ್ಕು ಮಡಿಕೆ ಮಾಡಿ ಬುಟ್ಟಿಗೆ ಹಾಕಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಉಳಿದ ಮೂವತ್ತೊಂಬತ್ತು ಹಾಳೆಗಳನ್ನು ನಾಳೆಯೇ ಸಾಲಿಗೆ ಒಯ್ಯಬೇಕು ಕಾಕಾ, ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಬೇಕು ಎಂದು ನನಗೆ ಹೇಳಿದ.

ಹೊರಡುವ ಮುನ್ನ ಕಾಶವ್ವ ಮೇಜಿನ ಮೇಲಿನ ಹಾಳೆಯ ಕಡೆ ಬಗ್ಗಿದಳು. ಅವಳಿಗೆ ಓದು ಬರದು. ಕೆಳಗಿನ ನೀಲಿ ಗೆರೆಗಳ ಮೇಲೆ ಶಾಯಿ ಹತ್ತಿದ ಬೆರಳನ್ನು ಮುಟ್ಟಿಸದೆ ಹಿಡಿದು, ಇದು ಯಾರದೆಂದು ಕೇಳಿದಳು. ನನ್ನದು ಎಂದೆ. ಸಾಕ್ಷಿಯ ಸಹಿ ಎಂದೆ.

ಅವಳು ನನ್ನನ್ನು ನೋಡಿದಳು. ವಾಚನಾಲಯದ ಮೆಟ್ಟಿಲಲ್ಲಿ ನೋಡಿದ ಹಾಗೆ ನೋಡಲಿಲ್ಲ.

“ನನ್ನ ಹೆಬ್ಬೆಟ್ಟಿಗಿಂತ ಮೊದಲ ನಿಮ್ಮ ಸಾಕ್ಷಿ ಬಂತೇನ್ರಿ, ಸರ?”

ನಾನು ಏಳಬೇಕಿತ್ತು. ಆ ಹಾಳೆಯನ್ನು ಹರಿಯಬೇಕಿತ್ತು, ಉಳಿದ ಮೂವತ್ತೊಂಬತ್ತನ್ನೂ ಹರಿಯಬೇಕಿತ್ತು. ಕುರ್ಚಿ ಮೆತ್ತಗಿತ್ತು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟತೊಡಗಿದೆ. ಕಟ್ಟಿ ಮುಗಿಯುವಷ್ಟರಲ್ಲಿ ಅವಳು ಬಾಗಿಲು ತಲುಪಿದ್ದಳು.

ಅವಳು ಹೊರಗೆ ಕಾಲಿಟ್ಟು, ತಿರುಗಿ, ಬಾಗಿಲನ್ನು ಬಡಿದು ಹೋಗಲು ಎರಡೂ ಕೈಯಿಂದ ಎಳೆದಳು. ಅದು ಬಡಿಯಲು ಬರುವ ಬಾಗಿಲಲ್ಲ. ದಪ್ಪ ಗಾಜು, ಕೆಳಗೆ ಎಣ್ಣೆಯ ಸ್ಪ್ರಿಂಗು. ಎಷ್ಟು ಜೋರಾಗಿ ಎಳೆದರೂ ಅದು ತನ್ನ ವೇಗದಲ್ಲೇ ಬರುತ್ತದೆ. ಅವಳು ಮತ್ತೊಮ್ಮೆ ಎಳೆದಳು. ಆಮೇಲೆ ಬಿಟ್ಟು ನಡೆದಳು. ಬಾಗಿಲು ಅವಳ ಬೆನ್ನ ಹಿಂದೆ, ಅವಸರವಿಲ್ಲದೆ, ಸದ್ದಿಲ್ಲದೆ ಮುಚ್ಚಿಕೊಂಡಿತು.